ಡೆಂಡ್ರೈಟಿಕ್ ಕೋಶ ಲಸಿಕೆ (ಶಿಲೀಂಧ್ರ ಸೋಂಕುಗಳಿಗೆ)

ರೋಗಿಯ ರಕ್ತದಿಂದಲೇ ತೆಗೆದ ಬಿಳಿಕಣಗಳನ್ನು ಪ್ರಯೋಗಾಲಯದಲ್ಲಿ ಡೆಂಡ್ರೈಟಿಕ್ ಕೋಶಗಳಾಗಿ ಬೆಳೆಸಿ, ರೋಗ ತರುವ ಶಿಲೀಂಧ್ರದ ಗುರುತನ್ನು ಅವಕ್ಕೆ ಹಿಡಿಸಿ, ಮತ್ತೆ ಅದೇ ರೋಗಿಯ ಮೈಗೆ ಚುಚ್ಚುವ ಚಿಕಿತ್ಸಾ ವಿಧಾನ. ಪೋಲಿಯೊ, ದಡಾರಗಳ ಲಸಿಕೆಯನ್ನು ಕಾಯಿಲೆ ಬರುವ ಮೊದಲೇ ಎಲ್ಲರಿಗೂ ಹಾಕುತ್ತಾರೆ. ಇದು ಹಾಗಲ್ಲ. ಒಬ್ಬ ರೋಗಿಗೆಂದೇ, ಅವನ ಕೋಶಗಳಿಂದಲೇ ತಯಾರಾಗುವ ಮದ್ದು. ಪಕ್ಕದ ಹಾಸಿಗೆಯವನಿಗೆ ನಡೆಯದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಕ್ರಮ 2010ರಿಂದ ಬಳಕೆಯಲ್ಲಿದೆ. ಶಿಲೀಂಧ್ರ ಸೋಂಕಿನ ಮಟ್ಟಿಗೆ ಸಿಕ್ಕಿರುವ ಒಳ್ಳೆಯ ಫಲಿತಾಂಶಗಳು ಬಹುಪಾಲು ಇಲಿಗಳ ಮೇಲಿನವು. ಇದರ ಬಗ್ಗೆ ಬರುವ ಬರಹಗಳಲ್ಲಿ ಆಶೆ ಮುಂದೆ, ಆಧಾರ ಹಿಂದೆ ಇರುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಅಗತ್ಯ.

ಕೋಗಳಿ ನಾಡಿನ ಶಿಲೀಂಧ್ರಗಳು

ಈ ಲಸಿಕೆಯ ಮಾತನ್ನು ಒಂದು ನಾಡಿನ ಕಾಯಿಲೆಗಳಿಂದ ಶುರುಮಾಡಬಹುದು. ಶಾಸನಗಳಲ್ಲಿ ಕೋಗಳಿ-500 ಎಂದು ಬರುವ ನಾಡು ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹರಡಿಕೊಂಡಿದೆ. ಮಳೆ ಕಡಿಮೆ, ದೂಳು ಜಾಸ್ತಿ. ಶೇಂಗಾ, ಜೋಳ, ಮೆಕ್ಕೆಜೋಳದ ಬೇಸಾಯ, ಕುರಿ ಸಾಕಣೆ. ಒಣ ಸೀಮೆಗೆ ಬೂಷ್ಟಿನ ಕಾಟ ಇರದು ಎಂದುಕೊಳ್ಳುವುದು ಸಹಜ. ಆದರೆ ತೇವ ಆರದೆ ಚೀಲಕ್ಕೆ ತುಂಬಿದ ಶೇಂಗಾದಲ್ಲಿ ಹಸಿರು-ಹಳದಿ ಪುಡಿಯಂತೆ ಏಳುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವನ್ನು ಇಲ್ಲಿನ ರೈತರೆಲ್ಲ ಕಂಡಿದ್ದಾರೆ. ಅದು ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದೇ ಶಿಲೀಂಧ್ರ ಮನುಷ್ಯರ ಮೂಗಿನ ಪಕ್ಕದ ಗಾಳಿಗೂಡುಗಳಲ್ಲಿ, ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಬೇರೂರಿದರೆ ಕಾಯಿಲೆಯಾಗುತ್ತದೆ. ಭಾರತದಲ್ಲಿ ಸೈನಸ್ಸಿನ ಶಿಲೀಂಧ್ರ ರೋಗಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.

ಸುಗ್ಗಿಯಲ್ಲಿ ಜೋಳದ ಗರಿ, ಹೊಟ್ಟು, ರವದಿ ಕಣ್ಣಿಗೆ ಬಡಿದು ಗೀರಾದರೆ ಅದರ ಜೊತೆಗೇ ಶಿಲೀಂಧ್ರದ ಬೀಜಕಣ ಒಳಸೇರುವುದುಂಟು. ಹೀಗೆ ಆಗುವ ಕಣ್ಣಿನ ಹುಣ್ಣಿಗೆ ಆಸ್ಪರ್ಜಿಲಸ್ಸು, ಫ್ಯುಸೇರಿಯಮ್ಮು ಸಾಮಾನ್ಯ ಕಾರಣಗಳು. ಬರಿಗಾಲಿನಲ್ಲಿ ದುಡಿಯುವವರ ಪಾದಕ್ಕೆ ಮುಳ್ಳು ಚುಚ್ಚಿದಲ್ಲಿ ಗಂಟುಗಂಟಾಗಿ ಊದಿ ಕಾಳಿನಂಥ ಕಣಗಳನ್ನು ಕಾರುವ ಮೈಸಿಟೋಮ ಇನ್ನೊಂದು. 1842ರಲ್ಲಿ ಮದುರೆಯಲ್ಲಿ ಇದನ್ನು ಗುರುತಿಸಿದ್ದರಿಂದ ‘ಮದುರೆ ಪಾದ’ ಎಂಬ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮೈಸಿಟೋಮದಲ್ಲಿ ಬ್ಯಾಕ್ಟೀರಿಯದಿಂದ ಬರುವ ಬಗೆಯೂ ಉಂಟು, ಶಿಲೀಂಧ್ರದಿಂದ ಬರುವುದೂ ಉಂಟು; ನೋಟಕ್ಕೆ ಎರಡೂ ಒಂದೇ, ಔಷಧ ಬೇರೆ. ಎಚ್‌ಐವಿ ಸೋಂಕಿತರಲ್ಲಿ ಮಿದುಳಿನ ಪೊರೆಗೆ ಹಬ್ಬುವ ಕ್ರಿಪ್ಟೊಕಾಕಸ್ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಮಂದಿಗೆ ಗೊತ್ತಿರುವುದು ಹುಳುಕಡ್ಡಿ, ಅಂದರೆ ಗಜಕರ್ಣ. ಜೀವಕ್ಕೆ ಕುತ್ತಿಲ್ಲದ್ದರಿಂದ ಇದನ್ನು ಯಾರೂ ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಇದು ಮೊಂಡು ಬಿದ್ದಿದೆ. ಟರ್ಬಿನಾಫಿನ್ ಮಾತ್ರೆಗೂ ಬಗ್ಗದ ಒಂದು ಜಾತಿಗೆ 2020ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದೇ ಹೆಸರಿಟ್ಟರು. ದೇಶದ ಹೆಸರು ಒಂದು ಚರ್ಮರೋಗಕ್ಕೆ ಅಂಟಿಕೊಂಡದ್ದು ಹೆಮ್ಮೆಯ ಸಂಗತಿಯಲ್ಲ. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿದ್ದ ಸ್ಟೀರಾಯ್ಡ್ ಬೆರೆತ ಮುಲಾಮುಗಳಿಗೆ ಇದರಲ್ಲಿ ದೊಡ್ಡ ಪಾಲಿದೆ. ಅವನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಕಡ್ಡಾಯವಾದ ಎಚ್ ಅನುಸೂಚಿಗೆ ಸೇರಿಸಿತು.

ಆದರೆ ಶಿಲೀಂಧ್ರ ಎಂಬ ಮಾತು ಮನೆಮನೆಗೆ ಮುಟ್ಟಿದ್ದು 2021ರ ಬೇಸಿಗೆಯಲ್ಲಿ. ಕೋವಿಡ್ ಎರಡನೆಯ ಅಲೆಯ ಬೆನ್ನಿಗೇ ‘ಕಪ್ಪು ಶಿಲೀಂಧ್ರ’ ಎಂದು ಸುದ್ದಿಯಾದ ಮ್ಯೂಕರ್‌ಮೈಕೋಸಿಸ್ ಬಂತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಅಧಿಸೂಚಿತ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಹೇಳಿತು. ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣ, 4,300ಕ್ಕೂ ಹೆಚ್ಚು ಸಾವು ವರದಿಯಾಗಿದ್ದವು. ಕರ್ನಾಟಕದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮುಖ್ಯ ಚಿಕಿತ್ಸಾ ಕೇಂದ್ರವಾಯಿತು. ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಎಂಬ ಚುಚ್ಚುಮದ್ದಿಗೆ ದೇಶಾದ್ಯಂತ ಹಾಹಾಕಾರ ಎದ್ದಿತು. ಕೊಳೆತ ಭಾಗವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣು, ದವಡೆ ಕಳೆದುಕೊಂಡು ಬದುಕಿದವರು ಎಷ್ಟೋ ಜನ. ಇವರಲ್ಲಿ ಬಹಳಷ್ಟು ಮಂದಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇತ್ತು, ಅದರ ಮೇಲೆ ಕೋವಿಡ್‌ಗೆಂದು ಸ್ಟೀರಾಯ್ಡ್ ಬಿದ್ದಿತ್ತು.

ಔಷಧ ಇದ್ದೂ ಲಸಿಕೆಯ ಮಾತೇಕೆ

ಶಿಲೀಂಧ್ರನಾಶಕ ಔಷಧಗಳ ಬತ್ತಳಿಕೆ ಸಣ್ಣದು. ಬ್ಯಾಕ್ಟೀರಿಯದ ಕೋಶಕ್ಕೂ ನಮ್ಮ ಕೋಶಕ್ಕೂ ಅಜಗಜಾಂತರ ಇರುವುದರಿಂದ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಔಷಧ ಸುಲಭಕ್ಕೆ ಸಿಗುತ್ತದೆ. ಶಿಲೀಂಧ್ರ ಜೀವವೃಕ್ಷದಲ್ಲಿ ನಮಗೆ ಹತ್ತಿರದ ನೆಂಟ. ಕೋಶದೊಳಗೆ ನಮ್ಮಂತೆಯೇ ಕೇಂದ್ರ, ನಮ್ಮಂತೆಯೇ ಯಂತ್ರಾಂಗ. ಅದಕ್ಕೆ ತಾಗಿದ್ದು ನಮಗೂ ತಾಗುತ್ತದೆ. 1950ರ ದಶಕದಲ್ಲಿ ವೆನೆಜುವೆಲದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಆಂಫೊಟೆರಿಸಿನ್-ಬಿ ಇಂದಿಗೂ ಕೊನೆಯ ಆಸರೆ, ಅದರ ಮೂಲರೂಪ ಮೂತ್ರಪಿಂಡಕ್ಕೆ ಕೆಟ್ಟದ್ದು. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾದ ಕ್ಯಾಂಡಿಡ ಆರಿಸ್ ಹಲವು ಔಷಧಗಳಿಗೆ ಒಟ್ಟಿಗೇ ಬಗ್ಗದೆ ತೀವ್ರ ನಿಗಾ ಘಟಕಗಳನ್ನು ಹೊಕ್ಕಿದೆ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ 19 ಶಿಲೀಂಧ್ರಗಳ ಆದ್ಯತಾ ಪಟ್ಟಿ ಹೊರಡಿಸಿ, ಕ್ರಿಪ್ಟೊಕಾಕಸ್ ನಿಯೊಫಾರ್ಮಾನ್ಸ್, ಕ್ಯಾಂಡಿಡ ಆರಿಸ್, ಆಸ್ಪರ್ಜಿಲಸ್ ಫ್ಯುಮಿಗೇಟಸ್, ಕ್ಯಾಂಡಿಡ ಆಲ್ಬಿಕಾನ್ಸ್ ನಾಲ್ಕನ್ನೂ ಮೇಲಿನ ಸಾಲಿಗಿಟ್ಟಿತು. ಮೈಸಿಟೋಮದ ಶಿಲೀಂಧ್ರಗಳೂ ಮ್ಯೂಕರ್ ಬಳಗವೂ ಎರಡನೆಯ ಸಾಲಿನಲ್ಲಿವೆ.

ಶಿಲೀಂಧ್ರಕ್ಕೆ ಲಸಿಕೆ ಆಗುವುದೇ ಇಲ್ಲವೆಂದಲ್ಲ. ದನಕರುಗಳ ಹುಳುಕಡ್ಡಿಗೆ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಜೀವಂತ ಲಸಿಕೆ ರಷ್ಯ, ನಾರ್ವೆಗಳಲ್ಲಿ ಯಶಸ್ವಿಯಾಗಿ ಬಳಕೆಗೆ ಬಂತು. ಕರುವಿಗೆ ದಕ್ಕಿದ್ದು ಮನುಷ್ಯನಿಗೇಕೆ ದಕ್ಕಲಿಲ್ಲ? ಮಾರಕ ಶಿಲೀಂಧ್ರ ರೋಗ ಬರುವುದು ಹೆಚ್ಚಾಗಿ ರೋಗನಿರೋಧ ಶಕ್ತಿ ಕುಸಿದವರಿಗೆ: ರಕ್ತದ ಕ್ಯಾನ್ಸರಿನವರು, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಸೋಂಕಿತರು, ಸಕ್ಕರೆ ಮಿತಿಮೀರಿದವರು. ಲಸಿಕೆ ಫಲ ಕೊಡಬೇಕಾದರೆ ಅದನ್ನು ಸ್ವೀಕರಿಸುವ ನಿರೋಧವ್ಯವಸ್ಥೆ ಗಟ್ಟಿಯಿರಬೇಕು. ಇವರಲ್ಲಿ ಕೆಟ್ಟಿರುವುದು ಅದೇ. ಮೈಯೊಳಗೆ ನಡೆಯಲಾರದ ಪಾಠವನ್ನು ಮೈಹೊರಗೆ, ಗಾಜಿನ ತಟ್ಟೆಯಲ್ಲಿ ಮುಗಿಸಿ ಒಳಗೆ ಕಳಿಸಿದರೆ ಹೇಗೆ ಎಂಬ ಯೋಚನೆಯಿಂದ ಡೆಂಡ್ರೈಟಿಕ್ ಕೋಶ ಲಸಿಕೆ ಹುಟ್ಟಿತು.

ಕೋಶದ ಕಥೆ

1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದ ಮೇಲ್ಪದರದಲ್ಲಿ ಕೊಂಬೆಗಳಂತೆ ಕೈಚಾಚಿದ ಕೋಶಗಳನ್ನು ಕಂಡು ಅವು ನರಕೋಶಗಳೆಂದು ಭಾವಿಸಿದ. ನೂರು ವರ್ಷ ಅವುಗಳ ಕೆಲಸ ಯಾರಿಗೂ ತಿಳಿಯಲಿಲ್ಲ. 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕಾನ್ ಇಲಿಯ ಗುಲ್ಮದಲ್ಲಿ ಇದೇ ಬಗೆಯ ಕೋಶಗಳನ್ನು ಕಂಡು ಡೆಂಡ್ರೈಟಿಕ್ ಎಂದು ಕರೆದರು. ನಿರೋಧವ್ಯವಸ್ಥೆಯನ್ನು ಕೆಲಸಕ್ಕೆ ಹಚ್ಚುವ ಕೋಶ ಇದೇ ಎಂದು ಸ್ಟೈನ್‌ಮನ್ ಹೇಳಿದ್ದನ್ನು ಒಪ್ಪಲು ಸಹೋದ್ಯೋಗಿಗಳಿಗೆ ವರ್ಷಗಳೇ ಹಿಡಿದವು.

ಇದರ ಕೆಲಸ ಹಳ್ಳಿಯ ತಳವಾರನದು. ಸಂದುಗೊಂದು ಸುತ್ತಿ, ಅನುಮಾನ ಬಂದವನನ್ನು ಹಿಡಿದು, ಮಾಲಿನ ಸಮೇತ ಚಾವಡಿಗೆ ತಂದು ನಿಲ್ಲಿಸುವುದು. ಶಿಕ್ಷೆ ಕೊಡುವವರು ಬೇರೆ. ಡೆಂಡ್ರೈಟಿಕ್ ಕೋಶ ಚರ್ಮದಲ್ಲೋ ಶ್ವಾಸಕೋಶದಲ್ಲೋ ಸೂಕ್ಷ್ಮಜೀವಿಯನ್ನು ನುಂಗಿ, ತುಂಡರಿಸಿ, ಆ ತುಣುಕುಗಳನ್ನು ಮೈಮೇಲೆ ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿ ಕಾದಿರುವ ಟಿ-ಕೋಶಗಳಿಗೆ ತುಣುಕನ್ನು ತೋರಿಸುತ್ತದೆ. ತೋರಿಸುವುದಷ್ಟೇ ಅಲ್ಲ, ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆಯನ್ನೂ ರಾಸಾಯನಿಕಗಳ ಮೂಲಕ ಕೊಡುತ್ತದೆ. ಇಂಟರ್‌ಲ್ಯೂಕಿನ್-12 ಸುರಿಸಿದರೆ ಟಿ-ಕೋಶಗಳು ಟಿಎಚ್-1 ಎಂಬ ಕಾದಾಟದ ಬಗೆಯಾಗಿ ತಿರುಗಿ, ನುಂಗುಕೋಶಗಳನ್ನು ಹುರಿದುಂಬಿಸಿ ಶಿಲೀಂಧ್ರವನ್ನು ಕೊಲ್ಲಿಸುತ್ತವೆ. ಇಂಟರ್‌ಲ್ಯೂಕಿನ್-4ರ ದಾರಿ ಹಿಡಿದರೆ ಟಿಎಚ್-2 ಆಗಿ ಅಲರ್ಜಿಯ ಕಡೆಗೆ ಎಳೆಯುತ್ತವೆ. ಶಿಲೀಂಧ್ರ ಉಳಿಯುತ್ತದೆ, ಉಬ್ಬಸ ಬರುತ್ತದೆ.

ಶಿಲೀಂಧ್ರವನ್ನು ಗುರುತಿಸಲು ಈ ಕೋಶದ ಮೈಮೇಲೆ ವಿಶೇಷ ಗ್ರಾಹಿಗಳಿವೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಬೀಟಾ-ಗ್ಲೂಕನ್ ಸಕ್ಕರೆಯನ್ನು ಹಿಡಿಯುವ ಡೆಕ್ಟಿನ್-1 ಅವುಗಳಲ್ಲಿ ಮುಖ್ಯ. ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ 2001ರಲ್ಲಿ ಅದರ ಈ ಗುಣವನ್ನು ತೋರಿಸಿದರು. ಟೋಲ್ ಹೆಸರಿನ ಗ್ರಾಹಿಗಳ ಕಥೆ ಶುರುವಾದದ್ದೂ ಶಿಲೀಂಧ್ರದಿಂದಲೇ: 1996ರಲ್ಲಿ ಜೂಲ್ಸ್ ಹಾಫ್‌ಮನ್ನರ ತಂಡ ಟೋಲ್ ಜೀನ್ ಕೆಟ್ಟ ಹಣ್ಣುನೊಣಗಳು ಆಸ್ಪರ್ಜಿಲಸ್ ತಗಲಿ ಸಾಯುವುದನ್ನು ಕಂಡಿತ್ತು. 2011ರ ವೈದ್ಯಕೀಯ ನೊಬೆಲ್ ಬಹುಮಾನದಲ್ಲಿ ಹಾಫ್‌ಮನ್ ಮತ್ತು ಇದೇ ಗ್ರಾಹಿಗಳ ಮೇಲೆ ಕೆಲಸ ಮಾಡಿದ ಬ್ರೂಸ್ ಬಾಯ್ಟ್ಲರ್ ಅರ್ಧ ಹಂಚಿಕೊಂಡರು, ಉಳಿದರ್ಧ ಸ್ಟೈನ್‌ಮನ್ನರದು. ಅಕ್ಟೋಬರ್ 3ರಂದು ಹೆಸರು ಸಾರಿದಾಗ ಸ್ಟೈನ್‌ಮನ್ ತೀರಿಕೊಂಡು ಮೂರು ದಿನವಾಗಿತ್ತು, ಸಮಿತಿಗೆ ಗೊತ್ತಿರಲಿಲ್ಲ. ಬಹುಮಾನ ಹಾಗೇ ಉಳಿಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಅವರು ತಮ್ಮದೇ ಶೋಧದ ಡೆಂಡ್ರೈಟಿಕ್ ಕೋಶ ಲಸಿಕೆಗಳನ್ನು ತಮ್ಮ ಮೇಲೆ ಪ್ರಯೋಗಿಸಿಕೊಂಡಿದ್ದರು. ಗುರುತಾದ ಮೇಲೆ ನಾಲ್ಕು ವರ್ಷಕ್ಕೂ ಮಿಗಿಲಾಗಿ ಬದುಕಿದರು. ಅದು ಲಸಿಕೆಯ ಫಲವೇ ಎಂದು ಒಬ್ಬರ ಉದಾಹರಣೆಯಿಂದ ಹೇಳಲಾಗದು.

ಮುಸುಕು ಹೊದ್ದ ಬೀಜಕಣ

ನಾವೆಲ್ಲ ದಿನವೂ ನೂರಾರು ಆಸ್ಪರ್ಜಿಲಸ್ ಬೀಜಕಣಗಳನ್ನು ಉಸಿರಾಡುತ್ತೇವೆ, ಕಣದಲ್ಲಿ ರಾಶಿ ತೂರುವವರು ಇನ್ನೂ ಹೆಚ್ಚು. ಆದರೂ ಶ್ವಾಸಕೋಶ ದಿನವೂ ಉರಿಯುವುದಿಲ್ಲ. ಯಾಕೆ? ಉತ್ತರ 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆ ಮತ್ತಿತರ ಪ್ರಯೋಗಾಲಯಗಳು ಸೇರಿ ಮಾಡಿದ ಆ ಕೆಲಸದ ಲೇಖಕರ ಸಾಲಿನಲ್ಲಿ ಮೊದಲ ಹೆಸರು ವಿಶುಕುಮಾರ್ ಐಮಣಿಯಂಡ, ಎರಡನೆಯದು ಜಗದೀಶ್ ಬಾಯರಿ. ಕೊಡಗು, ಕರಾವಳಿಯ ಮನೆತನಗಳನ್ನು ಬಲ್ಲ ಓದುಗರು ಈ ಹೆಸರುಗಳ ಮೇಲೆ ಒಂದು ಗಳಿಗೆ ನಿಲ್ಲದೆ ಇರಲಾರರು.

ಅವರು ಕಂಡದ್ದು ಇಷ್ಟು. ಆಸ್ಪರ್ಜಿಲಸ್ ಫ್ಯುಮಿಗೇಟಸ್ಸಿನ ಬೀಜಕಣದ ಮೇಲೆ ನೀರನ್ನು ದೂಡುವ ಪ್ರೊಟೀನಿನ ತೆಳ್ಳನೆಯ ಹೊದಿಕೆ ಇದೆ, ರಾಡ್-ಎ ಎಂಬ ಹೈಡ್ರೊಫೋಬಿನ್. ಹೊದಿಕೆ ಇರುವಷ್ಟು ಹೊತ್ತು ಡೆಂಡ್ರೈಟಿಕ್ ಕೋಶಕ್ಕೆ ಬೀಜಕಣ ಕಾಣುವುದೇ ಇಲ್ಲ. ಬಳಿ ಬಂದರೂ ಅದು ಎಚ್ಚರಗೊಳ್ಳುವುದಿಲ್ಲ. ರಾಸಾಯನಿಕದಿಂದ ಹೊದಿಕೆ ಕಳಚಿದರೆ, ಇಲ್ಲವೇ ಆ ಜೀನನ್ನೇ ತೆಗೆದರೆ, ಒಳಗಿನ ಸಕ್ಕರೆಗಳು ಬಯಲಾಗಿ ಕೋಶ ಎದ್ದು ಕೂರುತ್ತದೆ. ಬೀಜಕಣ ಮೊಳೆತಾಗಲೂ ಹೊದಿಕೆ ತಾನಾಗಿ ಒಡೆಯುತ್ತದೆ. ಅಂದರೆ ಸುಮ್ಮನಿರುವ ಬೀಜವನ್ನು ದೇಹ ಗಣಿಸುವುದಿಲ್ಲ, ಮೊಳಕೆ ಬಂದಾಗ ಮಾತ್ರ ಕೈ ಎತ್ತುತ್ತದೆ. ಇಬ್ಬರಿಗೂ ಸದ್ಯಕ್ಕೆ ಅನುಕೂಲವಾದ ಒಪ್ಪಂದ. ಬಾಯರಿಯವರ ತಂಡ 2017ರಲ್ಲಿ ಇನ್ನೊಂದು ಚಾತುರ್ಯವನ್ನು ತೋರಿಸಿತು: ಇದೇ ಶಿಲೀಂಧ್ರದ ಗೋಡೆಯಲ್ಲಿರುವ ಆಲ್ಫಾ-ಗ್ಲೂಕನ್ ಮನುಷ್ಯರ ಡೆಂಡ್ರೈಟಿಕ್ ಕೋಶಗಳ ಮೇಲೆ ಪಿಡಿ-ಎಲ್1 ಎಂಬ ಅಣುವನ್ನು ಹೆಚ್ಚಿಸಿ, ಕಾದಾಟವನ್ನು ತಣಿಸುವ ನಿಯಂತ್ರಕ ಟಿ-ಕೋಶಗಳನ್ನು ಬೆಳೆಸುತ್ತದೆ.

ಲಸಿಕೆ ಮಾಡುವವರಿಗೆ ಇವೆರಡೂ ನೇರ ಪಾಠ. ಶಿಲೀಂಧ್ರವನ್ನು ಇಡಿಯಾಗಿ ಅರೆದು ಕೋಶಗಳಿಗೆ ಉಣಿಸಿದರೆ ಸಾಲದು. ಯಾವ ಹಂತದ್ದು, ಯಾವ ಭಾಗ ಎಂಬುದರ ಮೇಲೆ ಅವು ಕಾದಾಟವನ್ನು ಕಲಿಯುತ್ತವೋ ಸಂಧಾನವನ್ನು ಕಲಿಯುತ್ತವೋ ತೀರ್ಮಾನವಾಗುತ್ತದೆ.

ಪೆರೂಜದ ಇಲಿಗಳು

ಈ ಪಾಠವನ್ನು ಎಲ್ಲರಿಗಿಂತ ಮೊದಲು ಹಿಡಿದವರು ಇಟಲಿಯ ಪೆರೂಜ ವಿಶ್ವವಿದ್ಯಾಲಯದ ಲೂಯಿಜಿನ ರೊಮಾನಿ ಮತ್ತು ಸಂಗಡಿಗರು. 2009ರ ಪ್ಯಾರಿಸ್ ಲೇಖನದಲ್ಲೂ ಅವರ ಪಾಲಿದೆ. ಕ್ಯಾಂಡಿಡ ಆಲ್ಬಿಕಾನ್ಸ್ ಎರಡು ರೂಪದಲ್ಲಿ ಬದುಕುತ್ತದೆ: ಉರುಟಾದ ಯೀಸ್ಟ್, ಎಳೆಯಾಗಿ ಬೆಳೆಯುವ ಹೈಫ. ಯೀಸ್ಟನ್ನು ನುಂಗಿದ ಡೆಂಡ್ರೈಟಿಕ್ ಕೋಶ ಇಂಟರ್‌ಲ್ಯೂಕಿನ್-12 ಸುರಿಸಿ ಕಾದಾಟಕ್ಕೆ ಕರೆಯುತ್ತದೆ, ಎಳೆಯನ್ನು ನುಂಗಿದ್ದು ಇಂಟರ್‌ಲ್ಯೂಕಿನ್-4ರತ್ತ ವಾಲುತ್ತದೆ ಎಂದು 2000ದಲ್ಲಿ ಅವರು ವರದಿ ಮಾಡಿದರು. ಒಂದೇ ಜೀವಿ, ಒಂದೇ ಕೋಶ, ಫಲ ತದ್ವಿರುದ್ಧ.

2002ರಲ್ಲಿ ಕ್ಯಾಂಡಿಡದ ಆರ್‌ಎನ್‌ಎ ತುಂಬಿದ ಡೆಂಡ್ರೈಟಿಕ್ ಕೋಶಗಳನ್ನು, 2003ರಲ್ಲಿ ಆಸ್ಪರ್ಜಿಲಸ್ ಬೀಜಕಣ ಅಥವಾ ಅದರ ಆರ್‌ಎನ್‌ಎ ಹೊತ್ತ ಕೋಶಗಳನ್ನು ಅಸ್ಥಿಮಜ್ಜೆ ಕಸಿಯಾದ ಇಲಿಗಳಿಗೆ ಚುಚ್ಚಿ ನೋಡಿದರು. ಕಸಿಯಾದ ಮೇಲೆ ಹೊಸ ರಕ್ತಕಣಗಳು ತಲೆಯೆತ್ತುವವರೆಗಿನ ದಿನಗಳೇ ಶಿಲೀಂಧ್ರಕ್ಕೆ ಸುಗ್ಗಿ. ಲಸಿಕೆ ಪಡೆದ ಇಲಿಗಳಲ್ಲಿ ಕಾದಾಟದ ಟಿ-ಕೋಶಗಳು ಬೇಗ ಚೇತರಿಸಿಕೊಂಡವು, ಇಲಿಗಳು ಸೋಂಕನ್ನು ತಾಳಿಕೊಂಡವು. ಆಸ್ಪರ್ಜಿಲಸ್ಸಿನ ಎಳೆಯಿಂದ ತಯಾರಿಸಿದ ಲಸಿಕೆ ರಕ್ಷಣೆ ಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಪ್ರಯೋಗ ಇದು. ಲಸಿಕೆ ಗೆಲ್ಲಬಹುದೆಂಬುದನ್ನೂ ಅದು ತೋರಿಸಿತು, ತಪ್ಪಾಗಿ ಕಲಿಸಿದ ಕೋಶ ಕೈಕೊಡುತ್ತದೆ ಎಂಬುದನ್ನೂ ತೋರಿಸಿತು.

ಪೆರೂಜದವರು 2005ರಲ್ಲಿ ಮನುಷ್ಯರವರೆಗೂ ಬಂದರು, ಆದರೆ ಬೇರೆ ದಾರಿಯಿಂದ. ಕಸಿಯಾದ ರೋಗಿಗಳಿಗೆ ಅವರು ಕೊಟ್ಟದ್ದು ಆಸ್ಪರ್ಜಿಲಸ್ಸಿನ ವಿರುದ್ಧ ತಯಾರಾದ ದಾನಿಯ ಟಿ-ಕೋಶಗಳನ್ನು, ಡೆಂಡ್ರೈಟಿಕ್ ಕೋಶಗಳನ್ನಲ್ಲ. ಹೆಚ್ಚಿನವರಲ್ಲಿ ಸೋಂಕು ಇಳಿಯಿತು. ರೋಗಿಗಳ ಸಂಖ್ಯೆ ಹತ್ತರ ಆಸುಪಾಸಿನದು. ಅದನ್ನು ನೆನಪಿನಲ್ಲಿಟ್ಟೇ ಆ ಫಲಿತಾಂಶವನ್ನು ಓದಬೇಕು.

ಬೇರೆಡೆಯ ಪ್ರಯೋಗಗಳನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದಲ್ಲಿ ಮರುಭೂಮಿ ಸೀಮೆಯ ಕಾಕ್ಸಿಡಿಯೊಯಿಡಿಸ್ ವಿರುದ್ಧ, ಅದರ ಒಂದು ಪ್ರೊಟೀನಿನ ಜೀನನ್ನು ಹೊಗಿಸಿದ ಡೆಂಡ್ರೈಟಿಕ್ ಕೋಶಗಳು ಇಲಿಗಳನ್ನು ಕಾಪಾಡಿದವೆಂದು 2005ರಲ್ಲಿ ವರದಿಯಾಯಿತು. ಜಪಾನಿನಲ್ಲಿ ಕ್ರಿಪ್ಟೊಕಾಕಸ್ ಗ್ಯಾಟಿಯ ಉಗ್ರ ತಳಿಯ ವಿರುದ್ಧ ಇಲಿಗಳ ಆಯುಸ್ಸು ಹೆಚ್ಚಿಸಿದ ಕೆಲಸ 2015ರದು. ಅಲ್ಲಿ ಕೋಶಗಳಿಗೆ ಉಣಿಸಿದ್ದು ಹೊರಕವಚ ಬೆಳೆಸಲಾರದ ತಳಿಯನ್ನು. ಚಿಕಿತ್ಸೆ ಎಂಬ ಮಾತಿಗೆ ಹೆಚ್ಚು ನ್ಯಾಯ ಒದಗಿಸಿದ್ದು ಬ್ರೆಜಿಲ್. ಅಲ್ಲಿನ ಹೊಲಗೆಲಸದವರಿಗೆ ಬರುವ ಪ್ಯಾರಾಕಾಕ್ಸಿಡಿಯೊಯಿಡೊಮೈಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ, ಶಿಲೀಂಧ್ರದ ಒಂದು ಪ್ರೊಟೀನಿನಿಂದ ತೆಗೆದ ಹದಿನೈದು ಅಮೈನೊ ಆಮ್ಲಗಳ ಪಿ-10 ಎಂಬ ತುಣುಕನ್ನು ಹೊತ್ತ ಡೆಂಡ್ರೈಟಿಕ್ ಕೋಶಗಳನ್ನು ಕಾಯಿಲೆ ಹತ್ತಿದ ಮೇಲೆ ಕೊಟ್ಟರೂ ಇಲಿಗಳ ಶ್ವಾಸಕೋಶದಲ್ಲಿ ಶಿಲೀಂಧ್ರ ಇಳಿಯಿತೆಂದು 2012ರಲ್ಲಿ ತೋರಿಸಿದರು. ಬಡ ರೈತನ ನಿಧಾನದ ಕಾಯಿಲೆಯನ್ನು ಗುರಿಯಾಗಿಟ್ಟುಕೊಂಡ ಈ ಕೆಲಸ ನಮ್ಮ ಮೈಸಿಟೋಮಕ್ಕೆ ಹತ್ತಿರದ ಮಾದರಿ.

ತಯಾರಿ

ರೋಗಿಯನ್ನು ಎರಡು-ನಾಲ್ಕು ಗಂಟೆ ಯಂತ್ರಕ್ಕೆ ಜೋಡಿಸಿ ರಕ್ತದಿಂದ ಬಿಳಿಕಣಗಳನ್ನು ಬೇರ್ಪಡಿಸಿ ಉಳಿದ ರಕ್ತವನ್ನು ಮೈಗೆ ಮರಳಿಸುತ್ತಾರೆ. ಅವುಗಳಲ್ಲಿ ಮಾನೊಸೈಟ್ ಎಂಬ ಜಾತಿಯನ್ನು ಆರಿಸಿ, ಜಿಎಂ-ಸಿಎಸ್‌ಎಫ್ ಮತ್ತು ಇಂಟರ್‌ಲ್ಯೂಕಿನ್-4 ಎಂಬ ಸಂಕೇತ ಪ್ರೊಟೀನುಗಳನ್ನು ಬೆರೆಸಿದ ದ್ರವದಲ್ಲಿ ಐದರಿಂದ ಏಳು ದಿನ ಬೆಳೆಸಿದರೆ ಎಳೆಯ ಡೆಂಡ್ರೈಟಿಕ್ ಕೋಶಗಳಾಗುತ್ತವೆ. ಈ ವಿಧಾನವನ್ನು 1994ರಲ್ಲಿ ಫೆಡರಿಕ ಸಲ್ಲುಸ್ತೊ ಮತ್ತು ಆಂಟೋನಿಯೊ ಲಂಜವೆಕಿಯ ಪ್ರಕಟಿಸಿದರು. ಆಮೇಲೆ ಶಿಲೀಂಧ್ರದ ಪ್ರೊಟೀನನ್ನೋ ಆರ್‌ಎನ್‌ಎಯನ್ನೋ ಉಣಿಸಿ, ಪ್ರಚೋದಕಗಳಿಂದ ಒಂದೆರಡು ದಿನ ಬಲಿಯಲು ಬಿಟ್ಟು, ಬೇರೆ ಸೂಕ್ಷ್ಮಜೀವಿ ಸೇರಿಲ್ಲವೆಂದು ಪರೀಕ್ಷಿಸಿ, ಲಕ್ಷಗಟ್ಟಲೆ ಕೋಶಗಳನ್ನು ಚರ್ಮದಡಿಗೋ ದುಗ್ಧಗ್ರಂಥಿಯ ಬಳಿಗೋ ಚುಚ್ಚುತ್ತಾರೆ. ಚರ್ಮಕ್ಕೆ ಚುಚ್ಚಿದವುಗಳಲ್ಲಿ ದುಗ್ಧಗ್ರಂಥಿ ಮುಟ್ಟುವುದು ನೂರಕ್ಕೆ ಐದಕ್ಕಿಂತ ಕಡಿಮೆ.

ಕ್ಯಾನ್ಸರಿನಲ್ಲಿ ಈ ಕ್ರಮಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2010ರ ಏಪ್ರಿಲಿನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಸಿಪುಲ್ಯೂಸೆಲ್-ಟಿಗೆ. 512 ರೋಗಿಗಳ ಪರೀಕ್ಷೆಯಲ್ಲಿ ಅದು ಆಯುಸ್ಸನ್ನು ಸುಮಾರು ನಾಲ್ಕು ತಿಂಗಳು ಹೆಚ್ಚಿಸಿತ್ತು. 2010ರಲ್ಲಿ ಮೂರು ಡೋಸಿಗೆ 93,000 ಡಾಲರ್ ಬೆಲೆ ಇತ್ತು. ಭಾರತದಲ್ಲಿ ಗುರುಗ್ರಾಮದ ಎಪ್ಯಾಕ್ ಬಯೋಟೆಕ್ ಕಂಪನಿಯ ಎಪ್ಸೆಡೆನ್ ಎಂಬ ಡೆಂಡ್ರೈಟಿಕ್ ಕೋಶ ಚಿಕಿತ್ಸೆಗೆ 2017ರಲ್ಲಿ ಅನುಮತಿ ದೊರೆಯಿತು. ಅದೂ ಕ್ಯಾನ್ಸರಿಗೇ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ತಯಾರಿಗೆ ಹಿಡಿಯುವ ದಿನಗಳ ಲೆಕ್ಕವನ್ನು 2021ರ ಕಪ್ಪು ಶಿಲೀಂಧ್ರದ ರೋಗಿಯ ಪಕ್ಕದಲ್ಲಿಟ್ಟು ನೋಡಬೇಕು. ಮ್ಯೂಕರ್ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಕೆಲವೇ ದಿನಗಳಲ್ಲಿ ದಾಟುತ್ತದೆ. ಲಸಿಕೆ ತಯಾರಾಗಲು ವಾರಕ್ಕಿಂತ ಹೆಚ್ಚು, ಅದರ ಪಾಠ ಟಿ-ಕೋಶಗಳಿಗೆ ಹತ್ತಲು ಇನ್ನೂ ಒಂದೆರಡು ವಾರ. ಕಾಯಿಲೆಯ ಓಟಕ್ಕೆ ಇದು ಸರಿಗಟ್ಟುವುದಿಲ್ಲ. ಇನ್ನೊಂದು ತೊಡಕು ರೋಗದ ಬುಡದಲ್ಲೇ ಇದೆ. ಮ್ಯೂಕರನ್ನು ಮೊದಲ ದಿನಗಳಲ್ಲಿ ತಡೆಯುವವು ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಮತ್ತು ನುಂಗುಕೋಶಗಳು. ಸಕ್ಕರೆ ಏರಿ ರಕ್ತ ಆಮ್ಲೀಯವಾದಾಗ ಅವು ಮಂಕಾಗುತ್ತವೆ, ರಕ್ತದಲ್ಲಿ ಬಿಡಿಯಾದ ಕಬ್ಬಿಣ ಹೆಚ್ಚಿ ಶಿಲೀಂಧ್ರಕ್ಕೆ ಗೊಬ್ಬರವಾಗುತ್ತದೆ. ಸಕ್ಕರೆ ಇಳಿಸದೆ ಟಿ-ಕೋಶಗಳಿಗೆ ಪಾಠ ಹೇಳಿ ಪ್ರಯೋಜನ ಕಡಿಮೆ. ಮ್ಯೂಕರ್ ತಗಲಿದ ರಕ್ತಕ್ಯಾನ್ಸರ್ ರೋಗಿಗಳಲ್ಲಿ ಅದರ ವಿರುದ್ಧದ ಟಿ-ಕೋಶಗಳನ್ನು ಇಟಲಿಯ ವೈದ್ಯರು 2011ರಲ್ಲಿ ಗುರುತಿಸಿದ್ದುಂಟು. ಆ ದಾರಿ ಪೂರ್ತಿ ಮುಚ್ಚಿಲ್ಲ.

ಕಣ್ಣಿನ ಶಿಲೀಂಧ್ರ ಹುಣ್ಣಿಗೂ ಇದು ಮದ್ದಲ್ಲ. ಆ ಪೊರೆಯಲ್ಲಿ ರಕ್ತನಾಳಗಳಿಲ್ಲ. ನಿರೋಧದ ಸೈನ್ಯ ಅಲ್ಲಿಗೆ ನುಗ್ಗಿದರೆ ಪೊರೆಯೇ ಕಲೆಗಟ್ಟಿ ದೃಷ್ಟಿ ಹೋಗುತ್ತದೆ. ಅಲ್ಲಿ ಬೇಕಾದದ್ದು ಬೇಗ ಗುರುತಿಸಿ ಹಾಕುವ ನಟಮೈಸಿನ್ ಹನಿ.

ಹುಳುಕಡ್ಡಿಯದು ತಮಾಷೆಯ ಸ್ಥಿತಿ. ಅದು ಕೂರುವುದು ಚರ್ಮದ ಸತ್ತ ಪದರದಲ್ಲಿ, ಅದಕ್ಕೆ ಕೊಂಚ ಕೆಳಗೇ ಲ್ಯಾಂಗರ್‌ಹಾನ್ಸ್ ಕಂಡ ಡೆಂಡ್ರೈಟಿಕ್ ಕೋಶಗಳು ಕಾವಲಿವೆ. ಸ್ಟೀರಾಯ್ಡ್ ಮುಲಾಮು ಹಚ್ಚಿದೊಡನೆ ತುರಿಕೆ ನಿಲ್ಲುವುದು ಶಿಲೀಂಧ್ರ ಸತ್ತದ್ದರಿಂದಲ್ಲ, ಈ ಕೋಶಗಳು ಬಾಯಿ ಮುಚ್ಚಿದ್ದರಿಂದ. ಸಾವಿರಾರು ಡಾಲರ್ ಖರ್ಚಿನಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಬೇಕಾದ ಕೋಶವನ್ನು ನಾವು ಅಗ್ಗದ ಟ್ಯೂಬಿನಿಂದ ಮನೆಯಲ್ಲೇ ಕೆಡಿಸಿಕೊಳ್ಳುತ್ತಿದ್ದೇವೆ.

ಹಾಗಾದರೆ ಯಾರಿಗೆ? ಕಾಯಿಲೆ ಬಿದ್ದವನಿಗಿಂತ, ನಿರೋಧ ಶಕ್ತಿ ಕುಸಿಯುವ ದಿನಾಂಕ ಮೊದಲೇ ಗೊತ್ತಿರುವವನಿಗೆ. ಅಸ್ಥಿಮಜ್ಜೆ ಕಸಿಗೆ, ಅಂಗಾಂಗ ಕಸಿಗೆ ಕಾಯುತ್ತಿರುವವರಿಗೆ ಸಮಯವಿದೆ, ಆಸ್ಪತ್ರೆಯಲ್ಲಿ ಕೋಶ ಬೇರ್ಪಡಿಸುವ ಯಂತ್ರವೂ ಇರುತ್ತದೆ. ಎರಡನೆಯದಾಗಿ, ವರ್ಷಗಟ್ಟಲೆ ಔಷಧ ತಿಂದರೂ ಬಿಡದ ಮೈಸಿಟೋಮದಂಥ ನಿಧಾನದ ಕಾಯಿಲೆಗಳಿಗೆ, ಔಷಧದ ಜೊತೆಗೆ. ಕೋಶಗಳನ್ನು ಹೊರಗೆ ತೆಗೆಯದೆ ಮೈಯೊಳಗಿನ ಡೆಂಡ್ರೈಟಿಕ್ ಕೋಶಗಳಿಗೇ ಗುರುತು ತಲುಪಿಸುವ ಗ್ಲೂಕನ್ ಕಣಗಳ ಪ್ರಯೋಗವೂ ನಡೆದಿದೆ. ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟು ಎಲ್ಲರಿಗೂ ಹಾಕಬಹುದಾದ ಲಸಿಕೆ ಬಂದರೆ ಬಹುಶಃ ಆ ದಾರಿಯಲ್ಲಿ ಬರಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡುವ ಲಸಿಕೆ ಕೂಡ್ಲಿಗಿಯವರೆಗೆ ಬರುವುದು ಕಷ್ಟ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೌಸ್ತುವ್ ಸನ್ಯಾಲ್ ಕಟ್ಟಿದ ಪ್ರಯೋಗಾಲಯ ಕ್ಯಾಂಡಿಡ, ಕ್ರಿಪ್ಟೊಕಾಕಸ್‌ಗಳ ವರ್ಣತಂತುಗಳನ್ನು ಬಹುಕಾಲ ಅಭ್ಯಾಸ ಮಾಡಿದೆ. ಶಿಲೀಂಧ್ರವನ್ನು ಬಲ್ಲವರು ರಾಜ್ಯದಲ್ಲಿ ಇಲ್ಲವೆನ್ನುವ ಹಾಗಿಲ್ಲ.

ರೋಗಿಗಳಿಗೆ

ಕೋಗಳಿ ನಾಡಿನವರು ದೊಡ್ಡ ಆಸ್ಪತ್ರೆಗೆಂದು ಹೋಗುವುದು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ (ಬಹುಕಾಲ ವಿಮ್ಸ್ ಎಂದೇ ಹೆಸರು), ದಾವಣಗೆರೆಗೆ ಅಥವಾ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಹೆಸರಾಗಿದ್ದ ಆಸ್ಪತ್ರೆಗೆ. ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದೇ ಬದಿ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಸ್ರಾವ, ಕಣ್ಣು ಊದಿ ಎರಡೆರಡು ಕಾಣುವುದು, ಮೇಲ್ದವಡೆಯ ಹಲ್ಲು ಅಲ್ಲಾಡುವುದು ಕಂಡರೆ ಅದೇ ದಿನ ಹೊರಡಬೇಕು. ಹೊಲದಲ್ಲಿ ಕಣ್ಣಿಗೆ ಗೀರಾದರೆ ಎಣ್ಣೆ, ಎದೆಹಾಲು, ಉಳಿದ ಹಳೆಯ ಸ್ಟೀರಾಯ್ಡ್ ಹನಿ ಹಾಕದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಶಿಲೀಂಧ್ರ ಸೋಂಕಿಗೆ ಡೆಂಡ್ರೈಟಿಕ್ ಕೋಶ ಲಸಿಕೆ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಎಚ್ಚರವಿರಲಿ: ಮನುಷ್ಯರ ಯಾವ ಶಿಲೀಂಧ್ರ ರೋಗಕ್ಕೂ ಪರವಾನಗಿ ಪಡೆದ ಲಸಿಕೆ ಇಲ್ಲ. ಅದು ನಿಜವಾದ ಪ್ರಯೋಗವೇ ಆದರೆ, 2007ರಿಂದ ನಡೆಯುತ್ತಿರುವ ಭಾರತೀಯ ಕ್ಲಿನಿಕಲ್ ಟ್ರಯಲ್ ದಾಖಲಾತಿಯಲ್ಲಿ ಅದಕ್ಕೆ ನೋಂದಣಿ ಸಂಖ್ಯೆ ಇರಲೇಬೇಕು. 2009ರ ಜೂನ್ 15ರಿಂದ ಅದು ಕಡ್ಡಾಯ. ಆ ಸಂಖ್ಯೆಯನ್ನು ಕೇಳಿ ಪಡೆಯಿರಿ, ದಾಖಲಾತಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ತಾಳೆ ನೋಡಬಹುದು.